ಅವರ ಹೆಸರು ಹಿಡಿದು ಕೇಳೋಣ: ಕನ್ನಡದ ಬರಹಗಾರರಿಗೆ, ಮೇಷ್ಟ್ರುಗಳಿಗೆ, ಕಾರ್ಮಿಕ ಸಂಘಟನೆಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಬರಹಗಾರರೇ, ಮೇಷ್ಟ್ರುಗಳೇ, ಪತ್ರಕರ್ತರೇ, ಕಾರ್ಮಿಕ ಸಂಘಟನೆಗಳ ಗೆಳೆಯರೇ,

ಚೀನಾ, ವಿಯೆಟ್ನಾಂನಂಥ ದೇಶಗಳಲ್ಲಿ ಕಮ್ಯುನಿಸ್ಟ್ ಪಕ್ಷ ಒಂದೇ ಆಳುತ್ತದೆ. ಅಲ್ಲಿ ಪ್ರಜಾಪ್ರಭುತ್ವ ಬೇಕು ಎಂದು ಕೇಳಿದ್ದಕ್ಕೆ ಜೈಲು ಸೇರಿದವರಿದ್ದಾರೆ. ಅವರ ಪರವಾಗಿ ಕನ್ನಡದಲ್ಲೂ ಒಂದು ದನಿ ಏಳಬೇಕು ಎಂದು ಕೇಳಿಕೊಳ್ಳಲು ಈ ಪತ್ರ. ನಿಮ್ಮಲ್ಲಿ ಕೆಲವರಿಗೆ ಇದು ದೂರದ ವಿಷಯ ಅನ್ನಿಸಬಹುದು. ನಮ್ಮ ಊರಿನ ಕಷ್ಟಗಳೇ ಬೇಕಾದಷ್ಟಿವೆ, ಅಲ್ವಾ? ಆದರೆ ಈ ವಿಷಯದಲ್ಲಿ ನಮ್ಮ ಮೇಲೆ ಒಂದು ಹಳೆಯ ಋಣವಿದೆ. ಮೊದಲು ಅದನ್ನು ಹೇಳುತ್ತೇನೆ.

1976ರ ಜೂನ್ 10ರಂದು ಕಲ್ಕತ್ತಾದಲ್ಲಿ ಪೊಲೀಸರು ಜಾರ್ಜ್ ಫರ್ನಾಂಡಿಸ್ ಅವರನ್ನು ಹಿಡಿದರು. ಮಂಗಳೂರಿನಲ್ಲಿ ಹುಟ್ಟಿದ ಈ ಕಾರ್ಮಿಕ ನಾಯಕ ತುರ್ತು ಪರಿಸ್ಥಿತಿ ಶುರುವಾದಾಗಿನಿಂದ ತಲೆಮರೆಸಿಕೊಂಡಿದ್ದರು. ಅದಕ್ಕೂ ಮೊದಲೇ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನ ಮನೆಯಿಂದ ಎತ್ತಿಕೊಂಡು ಹೋಗಿದ್ದರು. ಅಣ್ಣ ಎಲ್ಲಿ ಹೇಳು ಎಂದು ಚಿತ್ರಹಿಂಸೆ ಕೊಟ್ಟಿದ್ದರು. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಉಬ್ಬಸದಿಂದ ನರಳುತ್ತಿದ್ದರು. 1977ರ ಜನವರಿಯಲ್ಲಿ ಅವರನ್ನು ಹೊರಗೆ ಬಿಟ್ಟರು. ಒಂದು ವಾರವೂ ಕಳೆಯಲಿಲ್ಲ, ತೀರಿಕೊಂಡರು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಜೈಲಿನೊಳಗೆ ಏನು ನಡೆದರೂ ಮರುದಿನ ಓದುವಂತಿರಲಿಲ್ಲ.

ಜಾರ್ಜ್ ಅವರ ಜೀವಕ್ಕೆ ಅಪಾಯವಿದೆ ಎಂಬ ಭಯ ಎಲ್ಲರಲ್ಲೂ ಇತ್ತು. ಆಗ ಆಮ್ನೆಸ್ಟಿ ಎಂಬ ಮಾನವ ಹಕ್ಕು ಸಂಸ್ಥೆಯ ಸದಸ್ಯರು ದಿಲ್ಲಿಗೆ ತಂತಿ ಕಳಿಸಿದರು. ಅವರಿಗೆ ವಕೀಲರನ್ನು ಕಾಣಲು ಬಿಡಿ, ಅವರ ಮೈಮುಟ್ಟಬೇಡಿ ಎಂದು ಕೇಳಿದರು. ಜರ್ಮನಿಯ ವಿಲ್ಲಿ ಬ್ರಾಂಟ್, ಆಸ್ಟ್ರಿಯಾದ ಬ್ರೂನೊ ಕ್ರೈಸ್ಕಿ ಅವರಂಥ ಸಮಾಜವಾದಿ ನಾಯಕರೂ ಇಂದಿರಾ ಗಾಂಧಿಯವರಿಗೆ ಎಚ್ಚರಿಕೆಯ ಮಾತು ಮುಟ್ಟಿಸಿದರು. ಆ ತಂತಿಗಳಿಂದಲೇ ಜಾರ್ಜ್ ಉಳಿದರು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಹಿಡಿದವರಿಗೆ ಒಂದು ವಿಷಯವಂತೂ ಗೊತ್ತಾಯಿತು. ಈ ಮನುಷ್ಯ ಎಲ್ಲಿದ್ದಾನೆ, ಹೇಗಿದ್ದಾನೆ ಎಂದು ಕೇಳುವವರು ಹೊರಗೆ ಇದ್ದಾರೆ.

ಇದನ್ನೆಲ್ಲ ನಮ್ಮ ಒಳಗಿನ ವಿಷಯ, ಹೊರಗಿನವರು ತಲೆಹಾಕಬೇಡಿ ಎಂದೇ ಆಗಿನ ಸರ್ಕಾರ ಹೇಳುತ್ತಿತ್ತು. ಇವತ್ತು ಬೀಜಿಂಗ್ ಹೇಳುವುದೂ ಅದನ್ನೇ. ಹನೋಯ್ ಹೇಳುವುದೂ ಅದನ್ನೇ.

ಈಗ ಆ ಕಡೆಯ ಕತೆಗೆ ಬರುತ್ತೇನೆ. 2008ರ ಡಿಸೆಂಬರ್ 10ಕ್ಕೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಗೆ 60 ವರ್ಷ ತುಂಬುತ್ತಿತ್ತು. ಆ ಹೊತ್ತಿಗೆ ಚೀನಾದ 303 ಮಂದಿ ‘ಚಾರ್ಟರ್ 08’ ಎಂಬ ಹೇಳಿಕೆಗೆ ಸಹಿ ಹಾಕಿದರು. ಅವರಲ್ಲಿ ಪ್ರೊಫೆಸರ್‌ಗಳು, ವಕೀಲರು, ಬರಹಗಾರರು, ಪಕ್ಷದ ಮಾಜಿ ಅಧಿಕಾರಿಗಳು ಎಲ್ಲರೂ ಇದ್ದರು. ಅದರಲ್ಲಿ 19 ಬೇಡಿಕೆಗಳಿದ್ದವು. ಪಕ್ಷದ ಹಿಡಿತದಲ್ಲಿಲ್ಲದ ನ್ಯಾಯಾಲಯ ಬೇಕು. ನಿಜವಾದ ಚುನಾವಣೆ ಬೇಕು. ಸಂಘ ಕಟ್ಟುವ, ಮಾತಾಡುವ, ದೇವರನ್ನು ನಂಬುವ ಸ್ವಾತಂತ್ರ್ಯ ಬೇಕು. ಹಳ್ಳಿಯಿಂದ ದುಡಿಯಲು ಬಂದವರಿಗೆ ಪಟ್ಟಣದವರಷ್ಟೇ ಹಕ್ಕು ಬೇಕು. ಇದರಲ್ಲಿ ಹೆಚ್ಚಿನವು ನಮ್ಮ ಸಂವಿಧಾನದಲ್ಲಿ 1950ರಿಂದಲೇ ಬರೆದಿಟ್ಟಿರುವ ಮಾತುಗಳು. ಅಲ್ಲಿ ಅವನ್ನು ಬರೆದದ್ದೇ ಅಪರಾಧವಾಯಿತು.

ಹೇಳಿಕೆ ಹೊರಬರುವ ಎರಡು ದಿನ ಮೊದಲೇ ಲಿಯು ಶಿಯಾವೊಬೊ ಅವರನ್ನು ಹಿಡಿದರು. ಅವರು ಸಾಹಿತ್ಯದ ಮೇಷ್ಟ್ರು, ವಿಮರ್ಶಕ. 1989ರಲ್ಲಿ ನ್ಯೂಯಾರ್ಕಿನಲ್ಲಿದ್ದವರು, ಬೀಜಿಂಗಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದಿದ್ದಾರೆ ಎಂದು ತಿಳಿದು ವಾಪಸು ಹೋದರು. ಜೂನ್ 4ರ ಬೆಳಗಿನ ಜಾವ ಸೈನ್ಯ ಹೋರಾಟವನ್ನು ಹತ್ತಿಕ್ಕುತ್ತಿದ್ದಾಗ ಟಿಯನಾನ್‌ಮೆನ್ ಚೌಕದಲ್ಲಿ ಉಳಿದಿದ್ದ ವಿದ್ಯಾರ್ಥಿಗಳು ಜೀವಂತವಾಗಿ ಹೊರಬರಲಿ ಎಂದು ಸೈನ್ಯದ ಜೊತೆ ಮಾತಾಡಿ ದಾರಿ ಬಿಡಿಸಿದವರಲ್ಲಿ ಅವರ ಗುಂಪೂ ಇತ್ತು. ಅದಾದ ಮೇಲೆ ಅವರ ಬದುಕಿನ ಎಷ್ಟೋ ವರ್ಷ ಜೈಲಿಗೇ ಹೋಯಿತು. ಕವಿ ಲಿಯು ಶಿಯಾ ಅವರನ್ನು ಮದುವೆಯಾದದ್ದೂ ಕಾರ್ಮಿಕ ಶಿಬಿರದಲ್ಲಿ ಕೈದಿಯಾಗಿದ್ದಾಗಲೇ.

2009ರ ಕ್ರಿಸ್‌ಮಸ್ ದಿನ ಅವರಿಗೆ 11 ವರ್ಷ ಶಿಕ್ಷೆಯಾಯಿತು. ಪರದೇಶದ ಪತ್ರಕರ್ತರು ರಜೆಯಲ್ಲಿರುತ್ತಾರೆ ಎಂದೇ ಆ ದಿನ ಆರಿಸಿದರು ಎಂದು ಹಲವರು ಅಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೇನೆ. ಮರುವರ್ಷ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಓಸ್ಲೊದಲ್ಲಿ ಪ್ರಶಸ್ತಿಯನ್ನು ಒಂದು ಖಾಲಿ ಕುರ್ಚಿಯ ಮೇಲೆ ಇಡಬೇಕಾಯಿತು. ಅವರು ಕೋರ್ಟಿಗಾಗಿ ಬರೆದಿದ್ದ ಹೇಳಿಕೆಯನ್ನು ನಟಿ ಲಿವ್ ಉಲ್‌ಮನ್ ಅಲ್ಲಿ ಓದಿದರು. ನನಗೆ ಯಾರೂ ವೈರಿಗಳಿಲ್ಲ ಎಂದು ಆ ಮನುಷ್ಯ ಬರೆದಿದ್ದರು. ತಮ್ಮನ್ನು ಕಾಯುತ್ತಿದ್ದ ಪೊಲೀಸರ ಬಗ್ಗೆ ಕೂಡ.

ಅವರ ಹೆಂಡತಿಯ ಮೇಲೆ ಯಾವ ಕೇಸೂ ಇರಲಿಲ್ಲ. ಆದರೂ ಸುಮಾರು ಎಂಟು ವರ್ಷ ಗೃಹಬಂಧನದಲ್ಲಿಟ್ಟರು. 2017ರ ಜುಲೈ 13ರಂದು ಲಿಯು ಶಿಯಾವೊಬೊ ಶೆನ್ಯಾಂಗಿನ ಆಸ್ಪತ್ರೆಯಲ್ಲಿ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡರು. ಕೈದಿಯಾಗಿಯೇ ತೀರಿಕೊಂಡರು. ಸಮಾಧಿ ಕಟ್ಟಿ ಜನ ಸೇರುವುದೂ ಬೇಡ ಎನ್ನುವಂತೆ ಎರಡೇ ದಿನದಲ್ಲಿ ಬೂದಿಯನ್ನು ಸಮುದ್ರಕ್ಕೆ ಬಿಡಿಸಿದರು.

ಹಾಗಾದರೆ ಲೋಕವೆಲ್ಲ ಕೂಗಿ ಏನು ಬಂತು ಎಂದು ನೀವು ಕೇಳಬಹುದು. ಅವರನ್ನು ಉಳಿಸಿಕೊಳ್ಳಲು ಆಗಲಿಲ್ಲ, ನಿಜ. ಆದರೆ ಲಿಯು ಶಿಯಾ ಹೊರಬಂದರು. ಜರ್ಮನಿಯಲ್ಲಿ ನೆಲೆಸಿರುವ ಚೀನೀ ಬರಹಗಾರ ಲಿಯಾವೊ ಯಿವು, ಬರಹಗಾರ್ತಿ ಹೆರ್ಟಾ ಮ್ಯುಲ್ಲರ್ ಅಂಥವರು ವರ್ಷಗಟ್ಟಲೆ ಅವರ ಹೆಸರು ಹಿಡಿದು ಕೇಳುತ್ತಲೇ ಇದ್ದರು. ಜರ್ಮನಿಯ ಸರ್ಕಾರವೂ ಬಿಡಲಿಲ್ಲ. 2018ರ ಜುಲೈ 9ರಂದು ಚೀನಾದ ಪ್ರಧಾನಿ ಬರ್ಲಿನ್‌ನಲ್ಲಿ ಆಂಗೆಲಾ ಮರ್ಕೆಲ್ ಅವರನ್ನು ಭೇಟಿಯಾದರು. ಮರುದಿನವೇ ಲಿಯು ಶಿಯಾ ವಿಮಾನ ಹತ್ತಿದರು. ಒಂದು ಜೀವ ಬಿಡುಗಡೆಯಾಯಿತು. ನನ್ನ ಪಾಲಿಗೆ ಅದು ಸಣ್ಣ ವಿಷಯವಲ್ಲ.

ಚಾರ್ಟರ್ 08 ಎಂಬ ಹೆಸರು ಬಂದದ್ದು, ಆಗ ಕಮ್ಯುನಿಸ್ಟರೇ ಆಳುತ್ತಿದ್ದ ಜೆಕೊಸ್ಲೊವಾಕಿಯಾದಲ್ಲಿ ಮಾನವ ಹಕ್ಕು ಕೇಳಿ ಬರೆದ ಚಾರ್ಟರ್ 77 ಎಂಬ ಹೇಳಿಕೆಯಿಂದ. 1977ರ ಜನವರಿ 6ರಂದು ನಾಟಕಕಾರ ವಾಕ್ಲಾವ್ ಹಾವೆಲ್, ನಟ ಪಾವೆಲ್ ಲಾಂಡೊವ್‌ಸ್ಕಿ, ಬರಹಗಾರ ಲುಡ್ವಿಕ್ ವಾಟ್ಸುಲಿಕ್ ಕಾರಿನಲ್ಲಿ ಆ ಹೇಳಿಕೆಯ ಪ್ರತಿಗಳನ್ನು ತೆಗೆದುಕೊಂಡು ಹೊರಟಿದ್ದರು. ಪೊಲೀಸರು ದಾರಿಯಲ್ಲೇ ಅಡ್ಡ ಹಾಕಿ ಹಿಡಿದರು. ಚಾರ್ಟರಿನ ಮೂವರು ವಕ್ತಾರರಲ್ಲಿ ಒಬ್ಬರಾದ ತತ್ವಜ್ಞಾನಿ ಯಾನ್ ಪಾಟೊಚ್ಕಾ ದೀರ್ಘ ವಿಚಾರಣೆಗಳ ನಂತರ ಮಾರ್ಚಿನಲ್ಲಿ ಸತ್ತರು. 2010ರಲ್ಲಿ, ಅದೇ ಜನವರಿ 6ರಂದು, ಹಾವೆಲ್ ಮತ್ತು ಲಾಂಡೊವ್‌ಸ್ಕಿ ಬಿಷಪ್ ವಾಕ್ಲಾವ್ ಮಾಲಿ ಅವರ ಜೊತೆ ಪ್ರಾಗ್‌ನ ಚೀನಾ ರಾಯಭಾರ ಕಚೇರಿಗೆ ಹೋದರು. ಕೈಯಲ್ಲಿ ಲಿಯು ಶಿಯಾವೊಬೊ ಪರವಾಗಿ ಬರೆದ ಪತ್ರ. ಗಂಟೆ ಒತ್ತಿದರು. ಯಾರೂ ಬಾಗಿಲು ತೆರೆಯಲಿಲ್ಲ. ಪತ್ರವನ್ನು ಅಂಚೆ ಡಬ್ಬಿಯಲ್ಲಿ ಹಾಕಿ ಬಂದರು. ಹಾವೆಲ್‌ಗೆ ಆಗ 73 ವರ್ಷ. ದೇಶದ ಅಧ್ಯಕ್ಷರಾಗಿದ್ದವರು. ಹೋಗಲೇಬೇಕಾದ ದರ್ದು ಅವರಿಗೇನಿರಲಿಲ್ಲ. ತಮಗಾಗಿ ಒಮ್ಮೆ ಬೇರೆಯವರು ಮಾಡಿದ್ದನ್ನು ಅವರು ಇನ್ನೊಬ್ಬರಿಗಾಗಿ ಮಾಡಿದರು.

ನಮ್ಮ ವಿಶ್ವವಿದ್ಯಾಲಯಗಳ ಮೇಷ್ಟ್ರುಗಳಿಗೆ ಅದೇ ಪ್ರಾಗ್‌ನ ಇನ್ನೊಂದು ಸಂಗತಿ ಹೇಳಬೇಕು. 1978ರಲ್ಲಿ ಯೂಲಿಯುಸ್ ಟೊಮಿನ್ ಎಂಬ ತತ್ವಶಾಸ್ತ್ರಜ್ಞ ಪಶ್ಚಿಮದ ನಾಲ್ಕು ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದರು. ಕಾಲೇಜು ಸೇರಲು ಬಿಡದ ಹುಡುಗರಿಗೆ ನಮ್ಮ ಮನೆಯಲ್ಲೇ ಪಾಠ ಮಾಡುತ್ತಿದ್ದೇವೆ, ಯಾರಾದರೂ ಬಂದು ಪಾಠ ಹೇಳಿ ಎಂದು ಕೇಳಿದ್ದರು. ಉತ್ತರ ಬಂದದ್ದು ಆಕ್ಸ್‌ಫರ್ಡ್‌ನಿಂದ ಮಾತ್ರ. 1979ರಲ್ಲಿ ಕ್ಯಾಥಿ ವಿಲ್ಕ್ಸ್ ಎಂಬ ಅಧ್ಯಾಪಕಿ ಹೋಗಿ ಪಾಠ ಮಾಡಿದರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಹೋದರು. ಬೇಲಿಯಲ್ ಕಾಲೇಜಿನ ಮುಖ್ಯಸ್ಥ ಆಂಟನಿ ಕೆನಿ ಅವರನ್ನು ಪೊಲೀಸರು ಪಾಠದ ನಡುವೆಯೇ ಎಳೆದುಕೊಂಡು ಹೋಗಿ ದೇಶದಿಂದ ಹೊರಹಾಕಿದರು. 1981ರಲ್ಲಿ ಫ್ರಾನ್ಸಿನ ಝಾಕ್ ಡೆರಿಡಾ ಅವರ ಸಾಮಾನಿನಲ್ಲಿ ಮಾದಕ ವಸ್ತು ಇಟ್ಟು ಜೈಲಿಗೆ ಹಾಕಿದರು. ಫ್ರಾನ್ಸ್ ಸರ್ಕಾರ ಮಧ್ಯೆ ಬಂದ ಮೇಲೆ ಬಿಟ್ಟರು. ಈ ಮೇಷ್ಟ್ರುಗಳು ಯಾರೂ ಬಂದೂಕು ಒಯ್ದವರಲ್ಲ. ಪುಸ್ತಕ ಒಯ್ದರು, ಪಾಠ ಮಾಡಿದರು, ವಾಪಸು ಬಂದು ಕಂಡದ್ದನ್ನು ಬರೆದರು.

ಎಡಪಂಥೀಯ ಗೆಳೆಯರೇ, ಈಗ ನಿಮ್ಮ ಹತ್ತಿರ ಸ್ವಲ್ಪ ಬಿಡಿಸಿ ಮಾತಾಡಬೇಕು. ಚೀನಾದಲ್ಲಿ ಜೈಲಿಗೆ ಹೋದವರ ಬಗ್ಗೆ ಬರೆದರೆ ಅದು ಅಮೆರಿಕದ ಮಾತು ಎಂಬ ಅನುಮಾನ ನಿಮ್ಮಲ್ಲಿ ಹಲವರಿಗಿದೆ. 2018ರ ಜುಲೈನಲ್ಲಿ ಶೆನ್‌ಝೆನ್‌ನ ಜಾಸಿಕ್ ಎಂಬ ಕಾರ್ಖಾನೆಯ ಕೆಲಸಗಾರರು ತಮ್ಮದೇ ಯೂನಿಯನ್ ಕಟ್ಟಲು ಹೊರಟರು. ಕೆಲಸದಿಂದ ತೆಗೆದರು, ಪೊಲೀಸರು ಹಿಡಿದರು. ಅವರ ಪರವಾಗಿ ಓಡಿ ಬಂದದ್ದು ಯಾರು ಗೊತ್ತೇ? ಪೀಕಿಂಗ್ ವಿಶ್ವವಿದ್ಯಾಲಯದಂಥ ಕಡೆ ಮಾರ್ಕ್ಸ್‌ನನ್ನು ಓದುತ್ತಿದ್ದ ಹುಡುಗ ಹುಡುಗಿಯರು. ಆಗಸ್ಟಿನಲ್ಲಿ ಅವರು ತಂಗಿದ್ದ ಜಾಗಕ್ಕೆ ಪೊಲೀಸರು ನುಗ್ಗಿ ಸುಮಾರು 50 ಮಂದಿಯನ್ನು ಎತ್ತಿಕೊಂಡು ಹೋದರು. ಕಾರ್ಮಿಕರ ಹೆಸರಿನಲ್ಲೇ ಆಳುವ ಪಕ್ಷ, ಯೂನಿಯನ್ ಕೇಳಿದ ಕಾರ್ಮಿಕರನ್ನೂ ಅವರ ಜೊತೆ ನಿಂತ ಮಾರ್ಕ್ಸ್‌ವಾದಿ ವಿದ್ಯಾರ್ಥಿಗಳನ್ನೂ ಬಂಧಿಸಿತು. ಪೀಣ್ಯದ ಯಾವುದೋ ಕಾರ್ಖಾನೆಯಲ್ಲಿ ಹೀಗಾಗಿದ್ದರೆ ನೀವು ಮರುದಿನವೇ ಗೇಟಿನ ಮುಂದೆ ಧರಣಿ ಕೂರುತ್ತಿದ್ದಿರಿ. ನನಗೆ ಅದರಲ್ಲಿ ಸಂಶಯವಿಲ್ಲ.

ವಕೀಲ, ಕಾನೂನು ಮೇಷ್ಟ್ರು ಶು ಝಿಯೋಂಗ್ ಅವರನ್ನೂ ನೋಡಿ. 2003ರಲ್ಲಿ ಗುವಾಂಗ್‌ಝೌನಲ್ಲಿ ಪರವಾನಗಿ ಚೀಟಿ ಇಲ್ಲ ಎಂದು ಹಿಡಿದ ಹೊರೂರಿನ ಯುವಕನೊಬ್ಬನನ್ನು ಹೊಡೆದು ಕೊಂದಿದ್ದರು. ಶು ಮತ್ತು ಅವರ ಇಬ್ಬರು ಗೆಳೆಯರು ಆ ಬಂಧನದ ನಿಯಮವನ್ನೇ ಪ್ರಶ್ನಿಸಿ ಅರ್ಜಿ ಹಾಕಿದರು. ಅದೇ ವರ್ಷ ಸರ್ಕಾರ ನಿಯಮವನ್ನು ರದ್ದು ಮಾಡಿತು. ವಲಸೆ ಕಾರ್ಮಿಕರ ಮಕ್ಕಳಿಗೆ ಪಟ್ಟಣದ ಶಾಲೆಗಳಲ್ಲಿ ಓದುವ ಹಕ್ಕಿಗಾಗಿಯೂ ಅವರು ಹೋರಾಡಿದರು. ಅಧಿಕಾರಿಗಳು ಆಸ್ತಿ ವಿವರ ಬಹಿರಂಗ ಮಾಡಲಿ ಎಂದರು. ಇದಕ್ಕಾಗಿ ಅವರಿಗೆ ಮೊದಲು ನಾಲ್ಕು ವರ್ಷ ಜೈಲು. ಆಮೇಲೆ 2023ರ ಏಪ್ರಿಲ್‌ನಲ್ಲಿ 14 ವರ್ಷ. ಅವರ ಜೊತೆಯ ವಕೀಲ ಡಿಂಗ್ ಜಿಯಾಶಿ ಅವರಿಗೆ 12 ವರ್ಷ.

ವಿಯೆಟ್ನಾಂ ವಿಷಯ ನಮಗೆ ಇನ್ನೂ ಹತ್ತಿರದ್ದು. ಅಮೆರಿಕದ ಯುದ್ಧದ ಕಾಲದಲ್ಲಿ ಭಾರತದ ಊರೂರುಗಳಲ್ಲಿ ವಿಯೆಟ್ನಾಂ ಜನರ ಪರ ಮೆರವಣಿಗೆ ನಡೆದಿತ್ತು. ಸರಿಯಾದ ಕೆಲಸವೇ ಅದು. ಅದೇ ದೇಶದ ಬರಹಗಾರ್ತಿ ಫಾಮ್ ದೋವಾನ್ ಟ್ರಾಂಗ್ ಅವರ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? 2015ರಲ್ಲಿ ಹನೋಯ್ ನಗರಾಡಳಿತ 6,700 ಮರ ಕಡಿಯಲು ಹೊರಟಾಗ ಜನ ಬೀದಿಗಿಳಿದರು. ಮರ ಉಳಿಸುವ ಮೆರವಣಿಗೆಯಲ್ಲಿದ್ದ ಟ್ರಾಂಗ್ ಅವರ ಕಾಲಿಗೆ ಪೊಲೀಸರ ಹೊಡೆತ ಬಿತ್ತು. ಆಮೇಲೆ ಅವರು ಊರುಗೋಲು ಹಿಡಿದೇ ಓಡಾಡಬೇಕಾಯಿತು. ಮರುವರ್ಷ ಬೆಂಗಳೂರಿನಲ್ಲಿ ನಾವೂ ಬೀದಿಗಿಳಿದೆವಲ್ಲ, ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆ ಬೇಡ, 812 ಮರ ಕಡಿಯಬೇಡಿ ಎಂದು? ಮಾನವ ಸರಪಳಿ ಕಟ್ಟಿದೆವು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅವರ ಮಾತೂ ನಮ್ಮ ಮಾತೂ ಒಂದೇ ಆಗಿತ್ತು.

ಟ್ರಾಂಗ್ ಪ್ರಜಾಪ್ರಭುತ್ವ, ಕಾನೂನು, ಜೈಲಿನ ಬಗ್ಗೆ ಪುಸ್ತಕ ಬರೆದರು. ಕದ್ದುಮುಚ್ಚಿ ಮುದ್ರಿಸಿ ಹಂಚಿದರು. 2020ರ ಅಕ್ಟೋಬರ್ 6ರ ನಡುರಾತ್ರಿಯ ಹೊತ್ತಿಗೆ ಹೋ ಚಿ ಮಿನ್ ಸಿಟಿಯಲ್ಲಿ ಅವರನ್ನು ಹಿಡಿದರು. 2021ರ ಡಿಸೆಂಬರ್‌ನಲ್ಲಿ ಒಂಬತ್ತು ವರ್ಷ ಶಿಕ್ಷೆಯಾಯಿತು. ತಮ್ಮನ್ನು ಬಂಧಿಸುತ್ತಾರೆ ಎಂದು ಗೊತ್ತಿದ್ದ ಅವರು 2019ರಲ್ಲೇ ಒಂದು ಪತ್ರ ಬರೆದು ಗೆಳೆಯರ ಕೈಗೆ ಕೊಟ್ಟಿದ್ದರು. ನನಗೊಬ್ಬಳಿಗೇ ಬಿಡುಗಡೆ ಬೇಡ, ಇಡೀ ವಿಯೆಟ್ನಾಂಗೆ ಬೇಕು ಎಂಬುದು ಆ ಪತ್ರದ ತಾತ್ಪರ್ಯ. ನನ್ನ ಬಂಧನದ ನೆಪದಲ್ಲಾದರೂ ನ್ಯಾಯವಾದ ಚುನಾವಣಾ ಕಾನೂನು ಕೇಳಿ, ನನ್ನ ಪುಸ್ತಕಗಳನ್ನು ಹರಡಿ ಎಂದು ಕೇಳಿಕೊಂಡಿದ್ದರು. ಅವರು ಬರೆದ ಒಂದು ಪುಟವಾದರೂ ಕನ್ನಡಕ್ಕೆ ಬಂದರೆ ಅವರ ಮಾತು ನಡೆಸಿಕೊಟ್ಟ ಹಾಗೆ.

ನಮ್ಮ ದೇಶದ ಸರ್ಕಾರಗಳು ಈ ವಿಷಯದಲ್ಲಿ ನಡೆದುಕೊಂಡ ರೀತಿ ನನಗೆ ನೋವು ತರುತ್ತದೆ. 1946ರಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ, ದಕ್ಷಿಣ ಆಫ್ರಿಕಾದ ವರ್ಣಭೇದವನ್ನು ವಿಶ್ವಸಂಸ್ಥೆಗೆ ಒಯ್ದ ದೇಶ ನಮ್ಮದು. ಅಲ್ಲಿನ ವ್ಯಾಪಾರವನ್ನೂ ನಿಲ್ಲಿಸಿದೆವು. ಒಳಗಿನ ವಿಷಯ ಎಂದು ಆಗ ನಾವು ಸುಮ್ಮನಿರಲಿಲ್ಲ. ಹತ್ತೇ ವರ್ಷದ ನಂತರ, 1956ರಲ್ಲಿ, ಸೋವಿಯತ್ ಟ್ಯಾಂಕುಗಳು ಹಂಗೆರಿಗೆ ನುಗ್ಗಿದಾಗ ವಿಶ್ವಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಅಲ್ಲಿ ಚುನಾವಣೆ ನಡೆಯಲಿ ಎಂಬ ನಿರ್ಣಯಕ್ಕೆ ವಿರುದ್ಧವಾಗಿ ಮತ ಹಾಕಿದೆವು. ಜಯಪ್ರಕಾಶ್ ನಾರಾಯಣ್ ನೆಹರೂ ಸರ್ಕಾರದ ಈ ನಿಲುವನ್ನು ಬಹಿರಂಗವಾಗಿಯೇ ಟೀಕಿಸಿದರು. ಅದೇ ಹೊತ್ತಿಗೆ ಬುಡಾಪೆಸ್ಟಿನಲ್ಲಿದ್ದ ನಮ್ಮ ರಾಜತಾಂತ್ರಿಕ ಎಂ. ಎ. ರೆಹಮಾನ್ ಹಂಗೆರಿಯ ಹೋರಾಟಗಾರರ ಮಾತನ್ನು ಹೊರಲೋಕಕ್ಕೆ ಮುಟ್ಟಿಸಲು ನೆರವಾದರು. ಅವರ ಸಂಪರ್ಕದಲ್ಲಿದ್ದ ಆರ್ಪಾದ್ ಗೊಂಟ್ಸ್ ಅವರಿಗೆ 1958ರಲ್ಲಿ ಜೀವಾವಧಿ ಶಿಕ್ಷೆಯಾಯಿತು. 1990ರಲ್ಲಿ ಅವರೇ ಹಂಗೆರಿಯ ಅಧ್ಯಕ್ಷರಾದರು. 1968ರಲ್ಲಿ ಪ್ರಾಗ್‌ಗೆ ಟ್ಯಾಂಕು ಬಂದಾಗ ಭಾರತ ಭದ್ರತಾ ಮಂಡಳಿಯಲ್ಲಿ ಮತವನ್ನೇ ಹಾಕಲಿಲ್ಲ. ಅದನ್ನು ಒಪ್ಪದೆ ಅಶೋಕ್ ಮೆಹ್ತಾ ಮಂತ್ರಿ ಪದವಿ ಬಿಟ್ಟರು. ಸರ್ಕಾರ ಬಾಯಿ ಮುಚ್ಚಿದಾಗಲೂ ಒಬ್ಬಿಬ್ಬರಾದರೂ ಮಾತಾಡಿದ ಪರಂಪರೆ ನಮ್ಮಲ್ಲಿದೆ. ನಾನು ನಂಬಿರುವುದು ಆ ಪರಂಪರೆಯನ್ನು.

2010ರಲ್ಲಿ ಓಸ್ಲೊ ಸಮಾರಂಭಕ್ಕೆ ಹೋಗಬೇಡಿ ಎಂದು ಚೀನಾ ಒತ್ತಡ ಹಾಕಿದಾಗ ಭಾರತ ಮಣಿಯಲಿಲ್ಲ, ಹೋಯಿತು. ಅದಕ್ಕೆ ಮೆಚ್ಚುಗೆ ಹೇಳಲೇಬೇಕು. ಆದರೆ 2016ರಲ್ಲಿ ಧರ್ಮಶಾಲೆಯ ಸಭೆಗೆ ಬರಬೇಕಿದ್ದ ಚೀನಾದ ಶಿನ್‌ಜಿಯಾಂಗ್ ಪ್ರಾಂತ್ಯದ ಉಯಿಗರ್ ಮುಸ್ಲಿಮರ ನಾಯಕ ಡೊಲ್ಕುನ್ ಈಸಾ ಅವರಿಗೆ ಕೊಟ್ಟಿದ್ದ ವೀಸಾ ವಾಪಸು ಪಡೆದೆವು. ಟಿಯನಾನ್‌ಮೆನ್ ಹೋರಾಟದ ಲು ಜಿಂಗ್‌ಹುವಾ ಅವರಿಗೂ ಹಾಗೇ ಆಯಿತು. 2022ರ ಅಕ್ಟೋಬರ್‌ನಲ್ಲಿ ಶಿನ್‌ಜಿಯಾಂಗ್ ಬಗ್ಗೆ ಬರೀ ಚರ್ಚೆ ನಡೆಸೋಣ ಎಂಬ ಪ್ರಸ್ತಾಪ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಗೆ ಬಂತು. ಪರವಾಗಿ 17, ವಿರುದ್ಧ 19. ಮತ ಹಾಕದೆ ಕೂತ 11 ದೇಶಗಳಲ್ಲಿ ಭಾರತವೂ ಒಂದು.

ಗಡಿಯಲ್ಲಿ ಜಗಳವಾದಾಗ ಮಾತ್ರ ಚೀನಾ ವಿರುದ್ಧ ಕೂಗುವವರಿಗೂ ಒಂದು ಮಾತು. ಲಿಯು ಶಿಯಾವೊಬೊ ಚೀನೀಯರೇ. ಜಾಸಿಕ್ ಕೆಲಸಗಾರರೂ ಚೀನೀಯರೇ. ಅವರ ಸರ್ಕಾರದ ಮೇಲಿನ ಸಿಟ್ಟನ್ನು ಆ ಜನರ ಮೇಲೆ ತಿರುಗಿಸಿದರೆ, ನಮ್ಮ ಊರುಗಳಲ್ಲಿ ಈಶಾನ್ಯದ ಹುಡುಗರ ಮುಖ ನೋಡಿ ಚುಡಾಯಿಸಿದರೆ, ನೊಂದವರಿಗೆ ಅದರಿಂದ ಕಿಂಚಿತ್ತೂ ಸಹಾಯವಿಲ್ಲ.

ಮೊದಲು ನಮ್ಮ ಮನೆ ಸರಿ ಮಾಡಿಕೊಳ್ಳೋಣ ಎನ್ನುವವರ ಮಾತಿನಲ್ಲಿ ನಿಜವಿದೆ. ಬೆಂಗಳೂರಿನಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದ್ದ, ಆದಿವಾಸಿಗಳ ಹಕ್ಕಿಗಾಗಿ ದುಡಿದ ಪಾದ್ರಿ ಸ್ಟ್ಯಾನ್ ಸ್ವಾಮಿ 84ನೇ ವಯಸ್ಸಿನಲ್ಲಿ, ವಿಚಾರಣೆಯೇ ನಡೆಯದೆ, ಬಂಧನದಲ್ಲಿರುವಾಗಲೇ 2021ರ ಜುಲೈ 5ರಂದು ತೀರಿಕೊಂಡರು. ಇದನ್ನು ಕೇಳದೆ ಅದನ್ನು ಕೇಳಿದರೆ ನಮ್ಮ ಮಾತಿಗೆ ತೂಕ ಇರುವುದಿಲ್ಲ. ಅದನ್ನು ಕೇಳದೆ ಇದನ್ನಷ್ಟೇ ಕೇಳಿದರೂ ಇರುವುದಿಲ್ಲ. ಎರಡನ್ನೂ ಕೇಳಲು ನಮಗೆ ಶಕ್ತಿಯಿದೆ.

ಇದೆಲ್ಲ ಪಶ್ಚಿಮದವರ ಮೌಲ್ಯ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. 1948ರ ಆ ಮಾನವ ಹಕ್ಕುಗಳ ಘೋಷಣೆಯನ್ನು ರೂಪಿಸಿದ ಆಯೋಗದಲ್ಲಿ ನಮ್ಮ ಹಂಸಾ ಮೆಹ್ತಾ ಇದ್ದರು. ಚೀನಾದ ಪಿ. ಸಿ. ಚಾಂಗ್ ಅದರ ಉಪಾಧ್ಯಕ್ಷರಾಗಿದ್ದರು.

ಹಾಗಾದರೆ ನಾವು ಏನು ಮಾಡಬಹುದು? ಬರಹಗಾರರು ಈ ಜನರ ಬರಹವನ್ನು ಕನ್ನಡಕ್ಕೆ ತರಬಹುದು. ಸಾಹಿತ್ಯ ಸಮ್ಮೇಳನದ ಒಂದು ಗೋಷ್ಠಿಯನ್ನು ಜೈಲಿನಲ್ಲಿರುವ ಲೇಖಕರಿಗಾಗಿ ಮೀಸಲಿಡಿ. ನಮ್ಮ ಬರಹಗಾರರ ಪರವಾಗಿಯೂ, ಅವರ ಪರವಾಗಿಯೂ ಅಲ್ಲಿ ಮಾತಾಡಿ. ವಿಶ್ವವಿದ್ಯಾಲಯಗಳು ದೇಶ ಬಿಟ್ಟು ಬಂದ ಚೀನೀ, ವಿಯೆಟ್ನಾಮೀ ವಿದ್ವಾಂಸರನ್ನು ಆನ್‌ಲೈನ್‌ನಲ್ಲಾದರೂ ಪಾಠಕ್ಕೆ ಕರೆಯಲಿ. ಅವರು ಕೇಳುತ್ತಿರುವುದು ಬರೀ ಕೇಳುವ ಕಿವಿ. ಬೈಲಕುಪ್ಪೆ, ಮುಂಡಗೋಡಿನಲ್ಲಿ 1960ರ ದಶಕದಿಂದ ನಮ್ಮ ನೆರೆಯಲ್ಲೇ ಇರುವ ಟಿಬೆಟಿಯನ್ನರ ಮಾತನ್ನು ಎಷ್ಟು ಜನ ಕೂತು ಕೇಳಿದ್ದೇವೆ? ಅವರ ಚಿನ್ನದ ಬಣ್ಣದ ದೇವಾಲಯ ನೋಡಿ, ಮೊಮೊ ತಿಂದು ಬರುತ್ತೇವೆ. ಮುಂದಿನ ಸಲ ಪತ್ರಕರ್ತರು ಅಲ್ಲಿ ಒಂದು ದಿನ ಉಳಿದು, ಹಿರಿಯರನ್ನು ಮಾತಾಡಿಸಿ ಬರೆಯಲಿ.

ಕಾರ್ಮಿಕ ಸಂಘಟನೆಗಳು ಮೇ 1ರ ಸಭೆಯಲ್ಲಿ ಚೀನಾದಲ್ಲಿ ಯೂನಿಯನ್ ಕಟ್ಟಲು ಹೋಗಿ ಜೈಲು ಸೇರಿದವರ ಪರವಾಗಿ ಒಂದು ನಿರ್ಣಯ ಮಾಡಲಿ. ಕರ್ನಾಟಕದಿಂದ 28 ಜನ ಲೋಕಸಭೆಗೆ ಹೋಗುತ್ತಾರೆ. ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ. ನಮ್ಮ ಮಂತ್ರಿಗಳು ಬೀಜಿಂಗಿಗೋ ಹನೋಯ್‌ಗೋ ಹೋಗುವಾಗ ಈ ಹೆಸರುಗಳನ್ನು ಕೇಳಿದರೇ ಎಂದು ಸದನದಲ್ಲಿ ಪ್ರಶ್ನೆ ಹಾಕಿಸಿ. ಪತ್ರವನ್ನು ಕನ್ನಡದಲ್ಲೇ ಬರೆಯಿರಿ. ಅದರ ಒಂದು ಪ್ರತಿಯನ್ನು ದಿಲ್ಲಿಯ ಚೀನಾ ಮತ್ತು ವಿಯೆಟ್ನಾಂ ರಾಯಭಾರ ಕಚೇರಿಗಳಿಗೂ ಕಳಿಸಿ. ಶು ಝಿಯೋಂಗ್, ಡಿಂಗ್ ಜಿಯಾಶಿ, ಫಾಮ್ ದೋವಾನ್ ಟ್ರಾಂಗ್ ಎಂಬ ಮೂರು ಹೆಸರುಗಳಿಂದ ಶುರು ಮಾಡೋಣ. ಮಾನವ ಹಕ್ಕುಗಳ ದಿನವಾದ ಡಿಸೆಂಬರ್ 10ರೊಳಗೆ ಎಲ್ಲರ ಸಹಿ ಸೇರಿಸಿ ಮೊದಲ ಪತ್ರ ಹೊರಡಲಿ. ಒಕ್ಕಣೆ ಬರೆಯುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ತಿದ್ದಲು, ಸಹಿ ಹಾಕಲು ನೀವು ಬನ್ನಿ.

ಇಂತಿ,
ನಿಮ್ಮ ಜೊತೆಯ ಒಬ್ಬ ಕನ್ನಡ ಓದುಗ